ಮಾಮ ಕಾಲಿಡದ ಊರಿನ ಅರಮನೆ

ತಂಗಿಯ ಮದುವೆಯ ಆಮಂತ್ರಣ ಮೊಬೈಲಿಗೆ ಬಂದು ಅರ್ಧ ದಿನವೂ ಆಗಿರಲಿಲ್ಲ, ಮಾಮ ನಮ್ಮ ಕುಟುಂಬದ ವಾಟ್ಸಾಪ್ ಗುಂಪು ಬಿಟ್ಟು ಹೊರನಡೆದರು. ಮಾಮ ಅಂದರೆ ಅಮ್ಮನ ತಮ್ಮ. ಬೈಕಂಪಾಡಿಯಲ್ಲಿ ಕಾರ್ಖಾನೆಗಳಿಗೆ ಬೇಕಾದ ನಟ್ಟು, ಬೋಲ್ಟು, ಬೇರಿಂಗು ಮಾರುವ ಅಂಗಡಿ ಇಟ್ಟವರು. ಸಿಟ್ಟು ಬಂದರೆ ಊಟ ಬಿಡುವವರಲ್ಲ, ಮಾತು ಬಿಡುವವರು. ನಮ್ಮ ಮನೆಯಲ್ಲಿ ಗುಂಪು ಬಿಡುವುದೆಂದರೆ ಸಣ್ಣ ವಿಷಯವಲ್ಲ. ಹಿಂದಿನ ಕಾಲದಲ್ಲಾದರೆ ಊಟದ ಪಂಕ್ತಿಯಿಂದ ಎದ್ದುಹೋದ ಹಾಗೆ.

ತಪ್ಪು ಆಮಂತ್ರಣದ ಪಟದ್ದು. ತಂಗಿ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಒಂದು ಭಾನುವಾರ ಅವಳೂ ಅವಳು ಮದುವೆಯಾಗುವ ಹುಡುಗನೂ ಶ್ರೀರಂಗಪಟ್ಟಣದ ಬೇಸಿಗೆ ಅರಮನೆಗೆ ಹೋಗಿದ್ದಾರೆ. ಹುಲ್ಲುಹಾಸಿನ ಮೇಲೆ ನಿಂತು, ಹಿಂದೆ ಅರಮನೆ ಕಾಣುವ ಹಾಗೆ, ದಾರಿಹೋಕರ ಕೈಗೆ ಮೊಬೈಲು ಕೊಟ್ಟು ಪಟ ತೆಗೆಸಿಕೊಂಡಿದ್ದಾರೆ. ಬೆಳಕು ಚೆನ್ನಾಗಿತ್ತಂತೆ. ಅದನ್ನೇ ಆಮಂತ್ರಣಕ್ಕೆ ಹಾಕಿಬಿಟ್ಟಳು.

ಇದರಲ್ಲೇನು ತಪ್ಪು ಎಂದು ಬೇರೆಯವರು ಕೇಳಿಯಾರು. ನಾವು ಮಂಗಳೂರಿನ ಕೊಂಕಣಿ ಕ್ರೈಸ್ತರು. ಆ ಅರಮನೆಯ ಸುಲ್ತಾನನ ಕಾಲದಲ್ಲಿ ನಮ್ಮ ಜನರನ್ನು ಹಿಡಿದು, ಘಟ್ಟ ಹತ್ತಿಸಿ, ಆ ಊರಿಗೇ ನಡೆಸಿಕೊಂಡು ಹೋದರು. ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಉಳಿದವರು ವರ್ಷಗಟ್ಟಲೆ ಸೆರೆಯಲ್ಲಿದ್ದರು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಯಾಕೆ ಒಯ್ದ, ಎಷ್ಟು ಜನರನ್ನು ಒಯ್ದ ಎಂಬುದರ ಬಗ್ಗೆ ಪುಸ್ತಕಗಳು ಒಂದರ ಜುಟ್ಟು ಒಂದು ಹಿಡಿದು ಜಗಳಾಡುತ್ತವೆ ಎಂಬುದು ನನಗೆ ಗೊತ್ತು. ಆ ಜಗಳಕ್ಕೆ ನಾನು ಪಂಚಾಯಿತಿ ಮಾಡಲಾರೆ. ನಮ್ಮ ಮನೆಯಲ್ಲಿ ಅದು ಇತಿಹಾಸವಾಗಿ ಉಳಿದದ್ದಲ್ಲ, ಅಭ್ಯಾಸವಾಗಿ ಉಳಿದದ್ದು. ಸಂಜೆ ಜಪಸರ ಮುಗಿದ ಮೇಲೆ ಘಟ್ಟ ಹತ್ತಿದವರಿಗಾಗಿ ಒಂದು ಪ್ರಾರ್ಥನೆ ಹೆಚ್ಚಿಗೆ ಹೇಳುತ್ತೇವೆ. ಆ ಊರಿಗೆ ಕಾಲಿಡುವುದಿಲ್ಲ. ಬೆಂಗಳೂರಿಗೆ ಆ ದಾರಿಯಲ್ಲಿ ಹೋಗಬೇಕಾಗಿ ಬಂದರೆ ಅಲ್ಲಿ ಇಳಿಯುವುದಿಲ್ಲ, ಅಲ್ಲಿನ ನೀರು ಕುಡಿಯುವುದಿಲ್ಲ.

ತಂಗಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಅವಳ ಪ್ರಕಾರ ಪ್ರಾರ್ಥನೆಯಲ್ಲಿ ಬರುವ ಘಟ್ಟದ ಮೇಲಿನ ಆ ಊರು ಒಂದು, ಬಸ್ಸಿನಲ್ಲಿ ಹೋಗಿ ಟಿಕೆಟು ತೆಗೆದುಕೊಂಡು ನೋಡುವ ಊರು ಇನ್ನೊಂದು. ಎರಡೂ ಒಂದೇ ಎಂದು ಅವಳಿಗೆ ಹೊಳೆಯಲೇ ಇಲ್ಲ. ಫೋನಿನಲ್ಲಿ ಅತ್ತಳು. ಪಟ ಬದಲಾಯಿಸುತ್ತೇನೆ ಎಂದಳು. ಪಟ ಬದಲಾಯಿಸಿದರೆ ಹೋಗಿ ನಿಂತದ್ದು ಬದಲಾಗುತ್ತದೆಯೋ ಎಂದು ಮಾಮ ಬೇರೆಯವರ ಮೂಲಕ ಹೇಳಿ ಕಳಿಸಿದರು. ಜೊತೆಗೆ ಇನ್ನೂ ಒಂದು ಮಾತು: ರೋಸಿನ ದಿನ ನನ್ನನ್ನು ಕಾಯಬೇಡಿ.

ರೋಸ್ ಅಂದರೆ ಮದುವೆಯ ಮುನ್ನಾದಿನ ಮದುಮಗಳ ತಲೆಗೆ ತೆಂಗಿನಹಾಲು ಹಚ್ಚಿ ಹರಸುವ ಶಾಸ್ತ್ರ. ಮದುಮಗಳ ಕೈಹಿಡಿದು ಚಪ್ಪರಕ್ಕೆ ಕರೆತಂದು ಕೂರಿಸುವುದು ನಮ್ಮ ಮನೆಯಲ್ಲಿ ಸೋದರಮಾವನ ಕೆಲಸ. ಅಪ್ಪ ತೀರಿಕೊಂಡ ಮೇಲೆ ತಂಗಿಗೆ ಸೋದರಮಾವನೂ ಅವರೇ, ಅಪ್ಪನೂ ಅವರೇ. ಅವಳ ಮೊದಲ ಸೈಕಲ್ಲನ್ನು ಹಿಂದಿನಿಂದ ಹಿಡಿದು ಓಡಿದವರು ಅವರು. ಅವರು ಬಾರದಿದ್ದರೆ ಆ ಹುಡುಗಿ ಮದುವೆಯ ದಿನ ನಗುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ನನಗೆ ಮಾಮನ ಮೇಲೆ ಸಿಟ್ಟು ಬಂತು, ತಂಗಿಯ ಮೇಲೂ ಬಂತು. ನಾನು ಸಿಟ್ಟನ್ನು ಹಂಚುವುದರಲ್ಲಿ ಯಾವತ್ತೂ ಭೇದ ಮಾಡಿದವಳಲ್ಲ.

ಅಮ್ಮ ಮಾತ್ರ ಯಾರ ಕಡೆಗೂ ಸೇರಲಿಲ್ಲ. ಅವಳು ಕೊಲ್ಲಿ ದೇಶದ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ನರ್ಸಾಗಿ ದುಡಿದು ಬಂದವಳು. ಯಾವ ವಿಷಯವನ್ನೂ ಸ್ವತಃ ಮುಟ್ಟಿ ನೋಡದೆ ನಂಬುವ ಜಾತಿಯಲ್ಲ. ಆಮಂತ್ರಣದ ಪಟವನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ಅವಳು ನೋಡುತ್ತಿದ್ದದ್ದು ಮಗಳನ್ನಲ್ಲ, ಅಳಿಯನಾಗುವವನನ್ನೂ ಅಲ್ಲ. ಹಿಂದಿನ ಮರಗಳನ್ನು, ಮರಗಳ ಆಚೆ ಏನಾದರೂ ಕಾಣುತ್ತದೆಯೋ ಎಂಬುದನ್ನು. ಕೊನೆಗೆ ಮೊಬೈಲು ಮಡಿಲಿನಲ್ಲಿಟ್ಟು ಹೇಳಿದಳು: "ನನಗೆ ಆ ಜಾಗ ನೋಡ್ಬೇಕು. ನೋಡಿ ಬಂದು ಹೇಳ್ತೇನೆ, ಇದು ತಪ್ಪಾ ಅಲ್ಲವಾ ಅಂತ. ತಪ್ಪು ಅಂತ ಕಂಡರೆ ರೋಸಿಗೆ ನಾನೂ ಕೈ ಹಾಕುವುದಿಲ್ಲ."

ಮನೆಯಲ್ಲಿ ಕೊಂಕಣಿಯಲ್ಲೇ ನಮ್ಮ ಮಾತುಕತೆ. ಇಲ್ಲಿ ನಾವು ಹೊರಗೆ ಆಡುವ ಕನ್ನಡಕ್ಕೆ ತಂದಿದ್ದೇನೆ. ಯಾವ ಭಾಷೆಯಲ್ಲಾದರೂ ಅಮ್ಮನ ಆ ಮಾತಿನ ಅರ್ಥ ಒಂದೇ. ಒಬ್ಬ ಮಾಮ ಸಾಲದೆಂದು ಈಗ ಅಮ್ಮನೂ ತಕ್ಕಡಿ ಹಿಡಿದು ಕುಳಿತಳು.

ಮಾಮನೂ ಜೊತೆಗೆ ಬರಬೇಕೆಂದು ಅಮ್ಮ ಹುಕುಂ ಮಾಡಿದಳು. ಆದರೆ ಅವರನ್ನು ಹೊರಡಿಸಿದ್ದು ಆ ಹುಕುಂ ಅಲ್ಲ, ಅಂಗಡಿಯ ಪಾಲುದಾರರು. ಅವರು ಬ್ಯಾರಿ ಮುಸಲ್ಮಾನರು, ಮಾಮನ ಜೊತೆ ಮೂವತ್ತು ಚಿಲ್ಲರೆ ವರ್ಷದಿಂದ ಒಂದೇ ಮೇಜಿನಲ್ಲಿ ಕುಳಿತು ಚಹಾ ಕುಡಿಯುತ್ತಿರುವವರು. ಮನೆಯವರ ಮಾತಿಗೆ ಜಗ್ಗದ ಮಾಮ ಅವರ ಮಾತಿಗೆ ಜಗ್ಗುತ್ತಾರೆ. ಅಕ್ಕ ಕರೆದಾಗ ಹೋಗದವನು ಆಮೇಲೆ ಯಾರು ಕರೆದರೂ ಹೋಗಲಾರ, ಹೋಗಿ ಬಾ ಮಾರಾಯ ಎಂದರಂತೆ. ಮಾಮ ಒಪ್ಪಿದರು, ಷರತ್ತಿನೊಂದಿಗೆ: ಕಾರಿನಿಂದ ಇಳಿಯುವುದಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಅದು. ಮಾಮ ಮಾಂಸ ಬಿಟ್ಟಿದ್ದರು, ಆದ್ದರಿಂದ ಸಿಡಿಮಿಡಿ ಮಾಮೂಲಿಗಿಂತ ಜಾಸ್ತಿ. ಪಡೀಲಿನ ನಮ್ಮ ಮನೆಯಿಂದ ನಸುಕಿನಲ್ಲೇ ಹೊರಟು, ಹಿಂದಕ್ಕೆ ಪಂಪ್‌ವೆಲ್‌ಗೆ ಹೋಗಿ ಫ್ಲೈಓವರಿನ ಕೆಳಗೆ ಕಾಯುತ್ತಿದ್ದ ಅವರನ್ನು ಹತ್ತಿಸಿಕೊಂಡೆವು. ಕೈಯಲ್ಲಿ ದೊಡ್ಡ ನೀರಿನ ಕ್ಯಾನು. ಮನೆಯ ಬಾವಿಯ ನೀರು. ಅದನ್ನು ಪಕ್ಕದಲ್ಲಿ ಮಗುವಿನ ಹಾಗೆ ಕೂರಿಸಿಕೊಂಡರು.

ಕಾರು ನಾನೇ ಓಡಿಸಿದೆ. ಪುತ್ತೂರು, ಸುಳ್ಯ, ಸಂಪಾಜೆ, ಆಮೇಲೆ ಘಟ್ಟ. ಪ್ರತಿ ತಿರುವಿನಲ್ಲೂ ಅಮ್ಮನಿಗೊಂದು ಪ್ರಶ್ನೆ. ಆಗಿನ ದಾರಿ ಇದೇ ಇರಬಹುದೋ? ಇಷ್ಟು ಏರನ್ನು ಬಸುರಿಯರು ಹೇಗೆ ಹತ್ತಿದರು? ಸಣ್ಣ ಮಕ್ಕಳ ಕಾಲು ಒಡೆದರೆ ಏನು ಕಟ್ಟಿದರು? ಪುಸ್ತಕದಲ್ಲಿ ಇಂಥದ್ದು ಇರುವುದಿಲ್ಲ ಮಮ್ಮಿ ಎಂದೆ. ಹಾಗಾದರೆ ಎಂತ ಓದಿಸ್ತೀ ನೀನು ಎಂದಳು. ಮಾಮ ಕಿಟಕಿಯ ಹೊರಗೆ ನೋಡುತ್ತ ಲಿಂಬೆಹಣ್ಣು ಮೂಸುತ್ತ ಕುಳಿತಿದ್ದರು.

ಮೈಸೂರು ದಾಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಆ ಊರು ಹತ್ತಿರವಾದ ಹಾಗೆ ಮಾಮನಿಗೆ ಬಾಯಾರಿಕೆ ಹೆಚ್ಚಾಯಿತು. ಇಲ್ಲಿಯ ಹನಿ ನೀರೂ ಬೇಡವೆಂಬ ಹಠ ಗಂಟಲಿಗೆ ಹೇಗೋ ತಿಳಿದುಹೋಯಿತೋ ಏನೋ. ಕ್ಯಾನು ಎತ್ತಿ ಎತ್ತಿ ಕುಡಿದರು. ಅರಮನೆಯ ಮುಂದಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಅವರನ್ನು ಅಲ್ಲೇ ಬಿಟ್ಟು ನಾವಿಬ್ಬರೂ ಟಿಕೆಟು ತೆಗೆದುಕೊಂಡು ಒಳಗೆ ನಡೆದೆವು.

ಅರಮನೆ ಎಂದರೆ ನನ್ನ ಕಲ್ಪನೆಯಲ್ಲಿ ಆಕಾಶಕ್ಕೆ ಏಣಿ ಹಾಕಿದ್ದು. ಇದು ಹಾಗಿರಲಿಲ್ಲ. ನೇರ ಹಾದಿ, ಎರಡೂ ಬದಿಗೆ ಕತ್ತರಿಸಿ ನಿಲ್ಲಿಸಿದ ಮರಗಳು, ಹಸಿರು ಹುಲ್ಲು, ಅದರ ಕೊನೆಯಲ್ಲಿ ಮರದ ಕಂಬಗಳ ಮೇಲೆ ಅಗಲವಾಗಿ ಕುಳಿತ ತಗ್ಗಿನ ಕಟ್ಟಡ. ಸುತ್ತಲೂ ಚಿತ್ರಗಳಿಗೆ ಬಿಸಿಲು ತಾಗದ ಹಾಗೆ ಪರದೆ ಇಳಿಬಿಟ್ಟಿದ್ದರು. ಇಷ್ಟೇನಾ ಎಂದುಕೊಂಡು ಪರದೆಯ ಒಳಗೆ ಹೋದವಳು ಬಾಯಿ ತೆರೆದು ನಿಂತೆ. ಗೋಡೆ, ಕಂಬ, ಕಮಾನು, ಮುಚ್ಚಿಗೆ, ಬೆರಳಿಡಲೂ ಜಾಗ ಬಿಡದೆ ಬಣ್ಣ. ಬಳ್ಳಿಯ ಮೇಲೆ ಬಳ್ಳಿ, ಹೂವಿನ ಪಕ್ಕ ಹೂ. ಹೊರಗಿನ ತೋಟವನ್ನು ಯಾರೋ ಒಳಗೂ ನೆಟ್ಟುಬಿಟ್ಟಿದ್ದರು.

ಹೊರಗೋಡೆಯ ಉದ್ದಕ್ಕೂ ಯುದ್ಧದ ಚಿತ್ರ. ಆನೆ, ಕುದುರೆ, ಸಾಲು ಸಾಲು ಸೈನಿಕರು, ನಡುವೆ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ ಇಂಗ್ಲಿಷ್ ದಳಪತಿ. ಅಮ್ಮ ಅವನ ಮುಂದೆ ನಿಂತು ಇವನಿಗೆ ಗಾಯ ಎಲ್ಲಿ ಆಗಿದೆ ಎಂದು ಹುಡುಕಿದಳು. ಆಮೇಲೆ ಕನ್ನಡಕ ಒರೆಸಿಕೊಂಡು, ಗೋಡೆಯ ಒಂದು ತುದಿಯಿಂದ ಶುರುಮಾಡಿ ಒಂದೊಂದೇ ಮುಖ ನೋಡುತ್ತ ಹೋದಳು. ಆಸ್ಪತ್ರೆಯ ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಹೋಗುವವರ ಹಾಗೆ. ಏನು ಹುಡುಕುತ್ತೀ ಎಂದು ಕೇಳಿದೆ. ಉತ್ತರ ಗೋಡೆಯ ಇನ್ನೊಂದು ತುದಿ ತಲುಪಿದ ಮೇಲೆ ಬಂತು.

"ಎಲ್ಲ ಇದ್ದಾರೆ. ನಮ್ಮವರು ಒಬ್ಬರೂ ಇಲ್ಲ."

ಸೆರೆಯವರ ಚಿತ್ರ ಯಾರು ಬರೆಸುತ್ತಾರೆ ಮಮ್ಮಿ ಎಂದೆ. ಅವಳು ತಲೆಯಾಡಿಸಿದಳು, ಆದರೆ ಅವಳ ಮನಸ್ಸು ಆಗಲೇ ಬೇರೆಲ್ಲೋ ಇತ್ತು. ಹೊರಗೆ ಬಂದವಳೇ ಕಾವಲಿನವನ ಬಳಿ ಹೋಗಿ, ಈ ತೋಟಕ್ಕೆ ಹಳೆಯ ಕಾಲದ ಗೋಡೆ ಇತ್ತೇ, ಇದ್ದರೆ ಎಲ್ಲಿತ್ತು, ಹೊಳೆ ಎಷ್ಟು ದೂರ ಎಂದು ವಿಚಾರಿಸಿದಳು. ಅವನು ಹೊಳೆಯ ದಿಕ್ಕು ತೋರಿಸಿದ. ಗೋಡೆಯ ವಿಷಯ ಗೊತ್ತಿಲ್ಲ ಎಂದ. ಅಮ್ಮ ಅಲ್ಲಿಗೆ ಬಿಡದೆ ತೋಟದ ಅಂಚು ಹಿಡಿದು ಹೊರಟಳು. ನಾನು ಹಿಂದೆ. ಅರಮನೆ ನೋಡಬೇಕೆಂದು ಘಟ್ಟ ಹತ್ತಿ ಬಂದವಳು ಅರಮನೆಗೆ ಬೆನ್ನು ಹಾಕಿ ಬೇಲಿ ನೋಡುತ್ತಾಳಲ್ಲ, ಇದೆಂಥ ಕುತೂಹಲ ಎಂದು ನನಗೆ ಆಶ್ಚರ್ಯ. ಬಿಸಿಲಿಗೆ ತಲೆ ಕೆಟ್ಟಿತೋ ಎಂದು ಸ್ವಲ್ಪ ಹೆದರಿಕೆಯೂ ಆಯಿತು.

ಅಷ್ಟರಲ್ಲಿ ಹಾದಿಯ ಮೇಲೆ ಮಾಮ ಕಾಣಿಸಿಕೊಂಡರು. ಇಳಿಯುವುದಿಲ್ಲ ಎಂದ ಮಾಮ. ಆದದ್ದಿಷ್ಟು: ಊರಿಂದ ತಂದ ಬಾವಿಯ ನೀರು ಅಷ್ಟೂ ಹೊಟ್ಟೆಗೆ ಹೋಗಿ, ಹೊರಗೆ ಬರಲು ದಾರಿ ಕೇಳಿತ್ತು. ವಯಸ್ಸಾದ ಶರೀರ, ಶಪಥ ಕೇಳುವುದಿಲ್ಲ. ಶೌಚಾಲಯ ಹುಡುಕಿಕೊಂಡು ಓಡಿದ್ದರು. ಆ ಊರಿನ ನೀರು ತೆಗೆದುಕೊಳ್ಳುವುದಿಲ್ಲ ಎಂದು ಹೊರಟವರು ತಮ್ಮ ನೀರನ್ನೇ ಅಲ್ಲಿ ಬಿಟ್ಟು ಬರಬೇಕಾಯಿತು. ನನಗೆ ನಗು ತಡೆಯಲಾಗಲಿಲ್ಲ. ಮರದ ಕಡೆ ತಿರುಗಿ ಅಳಿಲು ನೋಡುವವಳಂತೆ ನಟಿಸಿದೆ. ಹೇಗೂ ಇಳಿದದ್ದಾಯಿತಲ್ಲ, ಒಮ್ಮೆ ನೋಡಿಬಿಡು ಎಂದು ಅಮ್ಮ ಅವರನ್ನು ಪರದೆಯ ಒಳಗೆ ತಳ್ಳಿದಳು.

ಮಾಮ ಬೇಗ ಹೊರಗೆ ಬರುತ್ತಾರೆಂದುಕೊಂಡಿದ್ದೆ. ಬರಲಿಲ್ಲ. ಹಣೆಯ ಬೆವರು ಒರೆಸಿಕೊಂಡು ನಾವು ಕಲ್ಲಿನ ಬೆಂಚಿನಲ್ಲಿ ಬಹಳ ಹೊತ್ತು ಕಾದ ಮೇಲೆ ಬಂದರು. ಮುಖ ಕೆಂಪಾಗಿತ್ತು.

"ಇಷ್ಟು ಚಂದ ಇರಬಾರದಿತ್ತು," ಎಂದರು.

ಆ ಮಾತು ನನಗೆ ನಾಟಿತು. ಒಳಗೆ ಬಾಯಿ ತೆರೆದು ನಿಂತಿದ್ದಾಗ ನನಗೂ ಹಾಗೇ ಅನ್ನಿಸಿತ್ತು, ಒಪ್ಪಿಕೊಳ್ಳಲು ಧೈರ್ಯವಿರಲಿಲ್ಲ ಅಷ್ಟೆ. ಕೆಟ್ಟದಾಗಿದ್ದರೆ ಸಿಟ್ಟು ಮಾಡಿಕೊಂಡು ಹೋಗುವುದು ಸುಲಭವಿತ್ತು. ಮಾಮ ನಿಲ್ಲಿಸಲಿಲ್ಲ. ನಮ್ಮವರು ಹಸಿದು ಸಾಯುವಾಗ ಇಲ್ಲಿ ಒಬ್ಬ ಕುಳಿತು ಹೂವಿನ ಎಸಳಿಗೆ ಬಣ್ಣ ತುಂಬುತ್ತಿದ್ದ, ಆ ಹೂವಿನ ಮುಂದೆ ನಮ್ಮ ಹುಡುಗಿ ಹಲ್ಲು ಕಿರಿದು ನಿಂತಿದ್ದಾಳೆ, ಮದುವೆಗೆ ಬೇರೆ ಜಾಗವೇ ಸಿಗಲಿಲ್ಲವೇ ಎಂದರು. ಹೇಳುತ್ತ ಹೇಳುತ್ತ ಅರಮನೆಗೆ ಬೆನ್ನು ತಿರುಗಿಸಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಇಷ್ಟು ದಿನ ನಾನು ಹಠವೆಂದುಕೊಂಡದ್ದು ನೋವು ಎಂದು ಆಗ ಗೊತ್ತಾಯಿತು. ಇನ್ನು ಮುಗಿಯಿತು, ಇವರು ತಂಗಿಯ ಕೈ ಹಿಡಿಯುವುದಿಲ್ಲ, ಅಮ್ಮನೂ ಇವರ ಜೊತೆ ಸೇರುತ್ತಾಳೆ ಎಂದುಕೊಂಡೆ.

ಅಮ್ಮ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದಳು.

"ಕೂತ್ಕೊ. ಒಂದು ವಿಷಯ ಉಂಟು. ಇದು ಗಂಡಸರಿಗೆ ಹೇಳುವುದಲ್ಲ. ಹೇಳದಿದ್ದರೆ ಹುಡುಗಿಗೆ ಅನ್ಯಾಯ ಆಗ್ತದೆ, ಅದಕ್ಕೆ ಹೇಳ್ತೇನೆ."

ನಮ್ಮ ಮನೆಯಲ್ಲಿ ರೋಸಿನ ದಿನ ಮದುಮಗಳನ್ನು ಚಪ್ಪರಕ್ಕೆ ಕರೆತರುವ ಮುಂಚೆ, ಮನೆಯ ಹಿರಿಯ ಹೆಂಗಸು ಅವಳನ್ನು ಒಳಗೆ ಒಬ್ಬಳನ್ನೇ ಕೂರಿಸಿಕೊಂಡು ಒಂದು ಕತೆ ಹೇಳುತ್ತಾಳಂತೆ. ಅಮ್ಮನಿಗೆ ಅವಳ ಅಜ್ಜಿ ಹೇಳಿದ್ದಂತೆ. ನಾನು ಮದುವೆಯಾಗಲಿಲ್ಲ, ಅದರಲ್ಲಿ ನನಗೆ ಬೇಸರವೇನೂ ಇಲ್ಲ. ಆದರೆ ಆ ಬೆಂಚಿನ ಮೇಲೆ ಕುಳಿತು, ನನ್ನದೇ ಮನೆಯ ಕತೆಯೊಂದು ಮದುವೆಯಾಗದ ಕಾರಣಕ್ಕೆ ನನ್ನ ಕಿವಿಗೆ ಬೀಳಲೇ ಇಲ್ಲವೆಂದು ತಿಳಿದಾಗ ಚುರುಕ್ಕೆಂದಿತು. ಅದನ್ನು ಅಮ್ಮನಿಗೆ ಅಲ್ಲೇ ಹೇಳಿಯೂಬಿಟ್ಟೆ. ಈಗ ಕೇಳು, ಜಗಳ ಮನೆಯಲ್ಲಿ ಮಾಡುವಾ ಎಂದಳು.

ಕತೆ ಸಣ್ಣದು. ಘಟ್ಟ ಹತ್ತಿದವರಲ್ಲಿ ನಮ್ಮ ಮನೆಯ ಒಂದು ಮಗು ಇತ್ತು, ಹೆಣ್ಣು ಮಗು. ಸೆರೆಯಲ್ಲಿ ವರ್ಷ ಕಳೆದು ಅವಳು ದೊಡ್ಡವಳಾದಳು. ಸೆರೆಯವರಲ್ಲೇ ಒಬ್ಬ ಹುಡುಗನಿಗೆ ಅವಳನ್ನು ಕೊಟ್ಟರು. ಪಾದ್ರಿ ಇರಲಿಲ್ಲ, ಚಪ್ಪರ ಇರಲಿಲ್ಲ. ಹಗಲೆಲ್ಲ ಹೊಳೆಯಿಂದ ನೀರು ಹೊತ್ತ ಹೆಂಗಸರು ಒಂದು ತೋಟದ ಗೋಡೆಯ ಹೊರಗೆ, ಹೂವಿನ ವಾಸನೆ ಬರುವಲ್ಲಿ ಅವಳನ್ನು ಕೂರಿಸಿದರು. ಘಟ್ಟದ ಮೇಲೆ ತೆಂಗಿನಕಾಯಿ ಎಲ್ಲಿಂದ ತರುವುದು? ಹಿರಿಯ ಹೆಂಗಸೊಬ್ಬಳು ಬರಿಗೈಯನ್ನೇ ಅವಳ ತಲೆಗೆ ಸವರಿದಳು. ಹಾಲು ಹಚ್ಚಿದ ಹಾಗೆ, ನೆತ್ತಿಯಿಂದ ಕಿವಿಯವರೆಗೆ. ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಸವರಿದರು. ಸುಲ್ತಾನ ಸತ್ತು ಸೆರೆ ಬಿಟ್ಟಾಗ ಅವಳು ಗಂಡನ ಜೊತೆ, ಸೊಂಟದಲ್ಲೊಂದು ಮಗು ಎತ್ತಿಕೊಂಡು ಘಟ್ಟ ಇಳಿದಳು. ಆ ಮಗುವಿನಿಂದ ನಾವು.

"ನೀನು, ನಾನು, ಎಲ್ಲ ಅವಳ ಹೊಟ್ಟೆಯವರು," ಎಂದಳು ಅಮ್ಮ. "ನಮ್ಮ ಮನೆಯ ಮೊದಲ ಮದುವೆ ಆದದ್ದು ಈ ಊರಲ್ಲಿ. ಯಾವ ತೋಟವೋ ಗೊತ್ತಿಲ್ಲ. ಇದೇ ಅಂತ ನಾನು ಹೇಳುವುದಿಲ್ಲ. ಆದರೆ ಇಲ್ಲಿ ನಮ್ಮವರು ಅತ್ತದ್ದು ಮಾತ್ರ ಅಲ್ಲ."

ಮಾಮ ಅಮ್ಮನ ಕಡೆ ತಿರುಗಿದರು. ರೋಸಿನಲ್ಲಿ ಹಾಲು ಹಚ್ಚುವ ಮೊದಲು ಹಿರಿಯರು ಮದುಮಗಳ ತಲೆ ಸವರುತ್ತಾರಲ್ಲ, ಅದು ಇದುವೇನಾ ಎಂದು ಕೇಳಿದರು. ಕೂದಲು ಸರಿ ಮಾಡುತ್ತಾರೆ ಎಂದು ಇಷ್ಟು ವರ್ಷ ತಿಳಿದಿದ್ದರಂತೆ. ನಾನೂ ಹಾಗೇ ತಿಳಿದಿದ್ದೆ. ಅದುವೇ ಎಂದಳು ಅಮ್ಮ. ಗಂಡಸರಿಗೆ ಯಾಕೆ ಹೇಳಲಿಲ್ಲ ಎಂದರು. ಹೇಳಿದ್ದರೆ ನೀವು ಅದನ್ನೂ ಒಂದು ಸಿಟ್ಟಾಗಿ ಮಾಡಿಬಿಡುತ್ತಿದ್ದಿರಿ ಎಂದಳು.

ಹಾದಿಯ ಮೇಲೆ ಒಂದು ಸಂಸಾರ ಬರುತ್ತಿತ್ತು. ಗಂಡ, ಹೆಂಡತಿ, ಕೈಯಲ್ಲಿ ಚಪ್ಪಲಿ ಹಿಡಿದು ಹುಲ್ಲಿನ ಮೇಲೆ ಓಡುವ ಹೆಣ್ಣು ಮಗು. ತಾಯಿ ಆ ಮಗುವನ್ನು ಗದರಿದಳು, ಮಗು ಕೇಳಲಿಲ್ಲ. ಮಾಮ ಅವರು ದಾಟಿ ಹೋಗುವವರೆಗೂ ನೋಡುತ್ತಿದ್ದರು. ನಾನು ಅಮ್ಮನ ತೀರ್ಪು ಕೇಳಬೇಕೆಂದು ಬಾಯಿ ತೆರೆದೆ. ಅವಳು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದಳು. ಅವಳ ತೀರ್ಪು ಆಗಿಹೋಗಿತ್ತು. ಅವಳು ಕಾಯುತ್ತಿದ್ದದ್ದು ತಮ್ಮನ ತೀರ್ಪಿಗೆ.

"ಅಕ್ಕ," ಎಂದರು ಮಾಮ. "ಆ ಹುಡುಗಿಯನ್ನು ಗೋಡೆಯ ಹತ್ತಿರ ಕೈಹಿಡಿದು ಕರ್ಕೊಂಡು ಹೋದದ್ದು ಯಾರು?"

"ಯಾರೂ ಇಲ್ಲ. ಅವಳ ಸೋದರಮಾವ ದಾರಿಯಲ್ಲೇ ತೀರಿಹೋಗಿದ್ದ. ಅವಳೇ ನಡೆದು ಹೋಗಿ ಕೂತಳಂತೆ."

ಮಾಮ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಮಗುಚಿ ಇಟ್ಟುಕೊಂಡು ನೋಡುತ್ತ ಕುಳಿತರು. ಬೇರಿಂಗಿನ ಎಣ್ಣೆ ಉಗುರಿನ ಸಂದಿಗಿಳಿದು ಕಪ್ಪಾದ ಕೈಗಳು. ಆಮೇಲೆ ನನ್ನ ಕಡೆ ತಿರುಗಿ, ಅವರು ಗುಂಪು ಬಿಟ್ಟ ದಿನದಿಂದ ಮೊದಲ ಸಲ ನೇರವಾಗಿ ನನ್ನೊಡನೆ ಮಾತಾಡಿದರು.

"ತಂಗಿಗೆ ಫೋನ್ ಮಾಡು. ರೋಸಿನ ದಿನ ನಾನು ಬರುವವರೆಗೆ ಒಳಗೇ ಇರ್ಲಿಕ್ಕೆ ಹೇಳು. ನಾನಿರುವಾಗ ಅವಳು ಒಬ್ಬಳೇ ನಡೆದು ಬರುವುದು ಬೇಡ."